ಪಲ್ಪರ್ ಮನೆಯಲ್ಲೊಂದು ವಿಮಾನ

ಮನೆಯಲ್ಲಿ ಕೂತು ಸ್ವಂತ ಕೈಯಿಂದ ಏನಾದರೂ ಮಾಡಲು ಹೊರಟವರಿಗೆ ನಮ್ಮಲ್ಲಿ ಮೂರು ಪ್ರಶ್ನೆಗಳು ತಪ್ಪಿದ್ದಲ್ಲ. ಎಷ್ಟು ಬಿತ್ತು? ಯಾವಾಗ ಮುಗಿಯುತ್ತೆ? ಇದೇ ಅಂಗಡಿಯಲ್ಲಿ ರೆಡಿಮೇಡ್ ಸಿಗಲ್ವಾ? ಪುಸ್ತಕದ ಕಪಾಟು ಮಾಡಿದರೂ ಇವೇ ಪ್ರಶ್ನೆ, ಸ್ವೆಟರ್ ಹೆಣೆದರೂ ಇವೇ. ಈಚೆಗೆ ಉಪ್ಪಿನಕಾಯಿ ಹಾಕುವವರನ್ನೂ ಇವು ಬಿಟ್ಟಿಲ್ಲ. ಕೇಳುವವರಲ್ಲಿ ಕೆಟ್ಟತನವೇನೂ ಇರುವುದಿಲ್ಲ. ಎದುರಿಗಿರುವವನ ದುಡ್ಡು ಮತ್ತು ಹೊತ್ತಿನ ಮೇಲಿನ ಕಾಳಜಿಯಿಂದಲೇ ಕೇಳುತ್ತಾರೆ. ಆದರೂ ಕಿರಿಕಿರಿಯಾಗುತ್ತದೆ, ಯಾಕೆಂದರೆ ಮೂರೂ ಹೊಸ್ತಿಲ ಆಚೆ ನಿಂತು ಕೇಳುವಂಥವು. ಏನು ಮಾಡ್ತಾ ಇದ್ದೀರಿ, ಸ್ವಲ್ಪ ಒಳಗೆ ಬಂದು ನೋಡಲಾ ಎಂಬ ನಾಲ್ಕನೆಯ ಪ್ರಶ್ನೆ ಯಾರ ಬಾಯಿಂದಲೂ ಬರುವುದಿಲ್ಲ. ಈಗ ಈ ಪ್ರಶ್ನೆಗಳನ್ನೆಲ್ಲ ಕೊಡಗಿನ ಶ್ರೀಮಂಗಲದ ಯಾವುದೋ ತೋಟದ ಶೆಡ್ಡಿಗೆ ಒಯ್ಯೋಣ. ಅಲ್ಲೊಬ್ಬ ವಿಮಾನ ಕಟ್ಟುತ್ತಿದ್ದಾನೆ ಎಂದು ಊಹಿಸಿಕೊಳ್ಳೋಣ. ಕಪಾಟಿನ ಮಟ್ಟಿಗೆ ನಕ್ಕು ಸುಮ್ಮನಾಗಬಹುದಾದ ಸಂಗತಿ ಇಲ್ಲಿ ಜೀವದ ಮಾತಾಗುತ್ತದೆ. ಒಳಗೆ ಬಂದು ನೋಡುವವರು ಇದ್ದ ಕಡೆ ಸಾಮಾನ್ಯ ಜನ ಮನೆಯಲ್ಲಿ ವಿಮಾನ ಕಟ್ಟಿ, ಹಾರಿಸಿ, ಮುಪ್ಪಾಗುವ ತನಕ ಬಾಳಿದ್ದಾರೆ. ನಮ್ಮಲ್ಲಿ ಅಂಥ ವಿಮಾನಗಳು ಬೆರಳೆಣಿಕೆಯಷ್ಟೇ ಇರುವುದಕ್ಕೆ ದುಡ್ಡು, ಬುದ್ಧಿ, ಕೈಚಳಕಗಳ ಕೊರತೆಗಿಂತ ಆ ನಾಲ್ಕನೆಯ ಪ್ರಶ್ನೆಯ ಕೊರತೆಯೇ ಹೆಚ್ಚಿನ ಕಾರಣ ಎಂಬುದು ನನ್ನ ವಾದ.

ಶ್ರೀಮಂಗಲ ಯಾಕೆ ಎಂದರೆ, ಇಂಥ ಕೆಲಸಕ್ಕೆ ಬೇಕಾದ ಮುಕ್ಕಾಲು ಪಾಲು ಸಾಮಗ್ರಿ ಅಲ್ಲಿ ಈಗಾಗಲೇ ಇದೆ. ಕುಟ್ಟದ ಕಡೆಗೆ ಹೋಗುವ ದಾರಿಯಲ್ಲಿ, ಬ್ರಹ್ಮಗಿರಿಯ ಮಗ್ಗುಲಲ್ಲಿರುವ ಊರು. ಜೂನ್‌ನಲ್ಲಿ ಹಿಡಿದ ಮಳೆ ಕಕ್ಕಡ ಮಾಸ ಕಳೆದು ಕೈಲ್‌ಪೊಳ್ದ್ ಹಬ್ಬ ಬಂದರೂ ಪೂರ್ತಿ ಬಿಟ್ಟಿರುವುದಿಲ್ಲ. ಕಾಫಿ ತೋಟಗಳಲ್ಲಿ ಎತ್ತರದ ಮಾಡಿನ ಗೋಡೌನುಗಳಿವೆ. ಕೊಯ್ಲು ಮುಗಿದು ಕಾಫಿ ಕ್ಯೂರಿಂಗಿಗೆ ಹೋದ ಮೇಲೆ ಅವು ತಿಂಗಳುಗಟ್ಟಲೆ ಖಾಲಿ. ಪಲ್ಪರ್ ಮನೆಯಿದೆ, ಅದರೊಳಗೆ ಬೆಂಚ್ ವೈಸ್ ಇದೆ, ಡ್ರಿಲ್ಲಿಂಗ್ ಮೆಷಿನ್ ಇದೆ. ಹಳೆಯ ವಿಲ್ಲೀಸ್ ಜೀಪನ್ನು ಅದು ಹುಟ್ಟಿದ ಕಾರ್ಖಾನೆಯೇ ಮರೆತ ಮೇಲೂ ಓಡಿಸುತ್ತಿರುವ ಮೆಕ್ಯಾನಿಕ್‌ಗಳಿದ್ದಾರೆ. ಸ್ಪ್ರಿಂಕ್ಲರ್ ಪಂಪು, ವೀಡ್ ಕಟರ್, ಪವರ್ ಟಿಲ್ಲರ್‌ಗಳನ್ನು ಬಿಚ್ಚಿ ಹರಡಿ ಮತ್ತೆ ಜೋಡಿಸಿ, ಕೊನೆಯಲ್ಲಿ ಒಂದು ನಟ್ಟೂ ಉಳಿಯದಂತೆ ಮುಗಿಸಬಲ್ಲ ಕೈಗಳಿವೆ. ಮಿಕ್ಸಿಯ ಮುಚ್ಚಳ ಕೂರಿಸಲು ಮನೆಯವರನ್ನು ಕರೆಯುವ ನನ್ನಂಥವರ ಕಣ್ಣಿಗೆ ಇದು ಸಣ್ಣ ಸಂಪತ್ತಲ್ಲ. ತೋಟದಲ್ಲಿ ಯಂತ್ರ ಕೆಟ್ಟರೆ ಕಂಪನಿಯವನು ಬರುವವರೆಗೆ ಹಣ್ಣು ಕಾಯುವುದಿಲ್ಲ; ರಿಪೇರಿ ಅಲ್ಲಿ ಹವ್ಯಾಸಕ್ಕಿಂತ ಮೊದಲು ಅನಿವಾರ್ಯವಾಗಿತ್ತು.

ಕಾಫಿ ತೋಟಕ್ಕೂ ವಿಮಾನಕ್ಕೂ ನಂಟು ಕಟ್ಟುವುದು ಎಳೆದು ತಂದ ಮಾತಿನಂತೆ ಕಂಡರೆ ಬ್ರೆಜಿಲಿನ ಕಡೆ ನೋಡಬೇಕು. ಅಲ್ಬರ್ಟೊ ಸ್ಯಾಂಟೊಸ್ ಡ್ಯೂಮಾಂಟ್ ಕಾಫಿ ಬೆಳೆಗಾರನ ಮಗ. ಅಪ್ಪನದು ಸಾವೊ ಪಾಲೊ ಪ್ರಾಂತದಲ್ಲಿ ಒಳಗೇ ರೈಲು ಓಡುವಷ್ಟು ದೊಡ್ಡ ತೋಟ. ಹುಡುಗ ಬೆಳೆದದ್ದು ಪಲ್ಪರ್, ಒಣಗಿಸುವ ಯಂತ್ರ, ಜರಡಿಗಳ ನಡುವೆ. ಹಿಂದಕ್ಕೂ ಮುಂದಕ್ಕೂ ಜಗ್ಗಾಡುವ ಜರಡಿಗಳು ಪದೇ ಪದೇ ಮುರಿಯುವುದನ್ನೂ, ಸುತ್ತುವ ಯಂತ್ರಗಳು ಅಷ್ಟು ಕೆಡದಿರುವುದನ್ನೂ ತಾನು ಆಗಲೇ ಗಮನಿಸಿದ್ದಾಗಿ 1904ರಲ್ಲಿ ಬಂದ ತನ್ನ ಪುಸ್ತಕದಲ್ಲಿ ಆತ ಬರೆದಿದ್ದಾನೆ. ಮುಂದೆ ಪ್ಯಾರಿಸ್‌ಗೆ ಹೋಗಿ 1906ರಲ್ಲಿ ಜನರೆದುರು ವಿಮಾನ ಹಾರಿಸಿದ. ಅದಕ್ಕಿಂತ ನಮಗೆ ಮುಖ್ಯವಾದದ್ದು 1909ರ ಹೊತ್ತಿಗೆ ಹದಕ್ಕೆ ಬಂದ ಅವನ ಪುಟ್ಟ ವಿಮಾನ ‘ಡೆಮೊಸೆಲ್’. ಅದರ ಮೈಯ ಉದ್ದದ ತೊಲೆಗಳು ಬಿದಿರಿನವು, ರೆಕ್ಕೆಗೆ ಹೊದಿಸಿದ್ದು ರೇಷ್ಮೆ. ಅದಕ್ಕೆ ಆತ ಪೇಟೆಂಟ್ ಹಿಡಿಯಲಿಲ್ಲ. ಬೇಕಾದವರು ಕಟ್ಟಿಕೊಳ್ಳಲಿ ಎಂದು ನಕ್ಷೆಯನ್ನೇ ಬಿಟ್ಟುಕೊಟ್ಟ. 1910ರಲ್ಲಿ ಅಮೆರಿಕದ ‘ಪಾಪ್ಯುಲರ್ ಮೆಕ್ಯಾನಿಕ್ಸ್’ ಪತ್ರಿಕೆ ಆ ನಕ್ಷೆಗಳನ್ನು ಅಳತೆಗಳೊಂದಿಗೆ ಅಚ್ಚು ಹಾಕಿತು. ಮನೆಯಲ್ಲಿ ವಿಮಾನ ಕಟ್ಟುವ ಪರಂಪರೆಯ ಮೊದಮೊದಲ ಪುಟಗಳಲ್ಲಿ ಒಬ್ಬ ಕಾಫಿ ತೋಟದ ಹುಡುಗನೂ ಬಿದಿರೂ ಇರುವುದು ಕೊಡಗಿನವರು ಸ್ವಲ್ಪ ಎದೆಯುಬ್ಬಿಸಿಕೊಳ್ಳಬಹುದಾದ ಸಂಗತಿ, ಬ್ರೆಜಿಲ್ ನಮ್ಮ ಕಾಫಿ ದರ ಬೀಳಿಸುವ ದೇಶ ಎಂಬುದನ್ನು ಒಂದು ಗಳಿಗೆ ಮರೆತರೆ.

ಆಮೇಲೆ ಬಿದಿರು ಹೋಗಿ ಮರ, ಕೊಳವೆ, ಅಲ್ಯೂಮಿನಿಯಂ ತಗಡು, ಗಾಜಿನ ನಾರು ಬಂದವು. ಕಟ್ಟುವ ದಾರಿ ಎರಡಾಯಿತು. ನಕ್ಷೆ ಮಾತ್ರ ಕೊಂಡು, ಪ್ರತಿ ತುಂಡನ್ನೂ ತಾನೇ ಕೊಯ್ದು ಮಾಡುವುದು ಒಂದು. ಕೊಯ್ದ, ಬಾಗಿಸಿದ, ತೂತು ಹೊಡೆದ ಭಾಗಗಳ ಕಿಟ್ ತರಿಸಿ ಜೋಡಿಸುವುದು ಇನ್ನೊಂದು. ಎರಡನೆಯದು ಸುಲಭವೆಂದುಕೊಳ್ಳುವಂತಿಲ್ಲ. ಅಲ್ಯೂಮಿನಿಯಂ ತಗಡಿನ ಎರಡು ಸೀಟಿನ ವಿಮಾನವೆಂದರೆ ಹತ್ತು ಸಾವಿರಕ್ಕೂ ಹೆಚ್ಚು ರಿವೆಟ್, ಸಾಮಾನ್ಯವಾಗಿ ಒಂದೂವರೆ ಎರಡು ಸಾವಿರ ಗಂಟೆಯ ಕೆಲಸ. ಅಮೆರಿಕದ ಕಾನೂನಿನಲ್ಲಿ ಇದಕ್ಕೊಂದು ಸೊಗಸಾದ ಶರತ್ತಿದೆ. ಹವ್ಯಾಸಿ ಕಟ್ಟಿದ್ದು ಎನಿಸಿಕೊಳ್ಳಬೇಕಾದರೆ ಕೆಲಸದ ಹೆಚ್ಚಿನ ಪಾಲನ್ನು ಕಟ್ಟಿದವನೇ ಮಾಡಿರಬೇಕು, ಅದೂ ತನ್ನ ಕಲಿಕೆಗೆ ಇಲ್ಲವೇ ಖುಷಿಗೆ ಮಾಡಿರಬೇಕು. ಖುಷಿಯನ್ನು ಒಂದು ಸಾಕಾದಷ್ಟು ಕಾರಣವೆಂದು ಒಪ್ಪಿಕೊಂಡ ಸರ್ಕಾರಿ ನಿಯಮ ಬೇರೆ ಎಷ್ಟಿವೆಯೋ. ಎಷ್ಟು ಬಿತ್ತು ಎಂದು ಕೇಳುವವರಿಗೆ ಈ ನಿಯಮವನ್ನು ತೋರಿಸಬಹುದು.

ಈ ಕಿಟ್‌ಗಳ ವಿಷಯದಲ್ಲಿ ಬೆಂಗಳೂರಿಗೆ ಒಂದು ವಿಚಿತ್ರ ಸ್ಥಾನವಿದೆ. ಜೋಯಲ್ ಕೋಶ್ಲಾಂ ಎಂಬ ಫ್ರೆಂಚ್ ಗೃಹಸ್ಥರು ಇಲ್ಲಿ ಕಟ್ಟಿದ ‘ರಾಜ್ ಹಂಸ ಅಲ್ಟ್ರಾಲೈಟ್ಸ್’ ಕಂಪನಿ ‘ಎಕ್ಸ್ ಏರ್’ ಎಂಬ ಎರಡು ಸೀಟಿನ ಹಗುರ ವಿಮಾನವನ್ನು ತಯಾರಿಸಿತು. ಅಲ್ಯೂಮಿನಿಯಂ ಕೊಳವೆಯ ಚೌಕಟ್ಟು, ಅದಕ್ಕೆ ಹೊಲಿದು ತೊಡಿಸುವ ಬಟ್ಟೆ. ಕಿಟ್‌ಗಳು ಬ್ರಿಟನ್, ಫ್ರಾನ್ಸ್, ಆಸ್ಟ್ರೇಲಿಯಾ, ದಕ್ಷಿಣ ಆಫ್ರಿಕಾಗಳಿಗೆ ಹೋದವು. ಮುಂದಿನ ಮಾದರಿಗೆ ಇಲ್ಲಿ ಇಟ್ಟ ಹೆಸರು ‘ಹನುಮಾನ್’. ಇಂಗ್ಲಿಷರ ನಾಡಿಗೆ ಹೋಗುವಷ್ಟರಲ್ಲಿ ಅದು ‘ಹಾಕ್’ ಆಯಿತು. ಸಮುದ್ರ ಲಂಘಿಸಿದ ಮೇಲೆ ಹನುಮಂತನ ಹೆಸರು ಬದಲಾದದ್ದು ಇದೇ ಮೊದಲಿರಬೇಕು. ಒಟ್ಟಿನಲ್ಲಿ, ಬ್ರಿಟನ್ನಿನ ಯಾವುದೋ ಹಳ್ಳಿಯ ಕೊಟ್ಟಿಗೆಯಲ್ಲಿ ನಿವೃತ್ತ ಮೇಷ್ಟರೋ ಪ್ಲಂಬರೋ ಸ್ಪ್ಯಾನರ್ ಹಿಡಿದು ಕೂತು ಬೆಂಗಳೂರಿನಲ್ಲಿ ಕೊಯ್ದ ಕೊಳವೆಗಳನ್ನು ಜೋಡಿಸಿಕೊಳ್ಳುತ್ತಿದ್ದ ಕಾಲದಲ್ಲಿ, ಬೆಂಗಳೂರಿನಿಂದ ಒಂದು ಹಗಲಿನ ಪ್ರಯಾಣದಷ್ಟೂ ದೂರವಿಲ್ಲದ ಶ್ರೀಮಂಗಲದಲ್ಲಿ ಅಂಥ ಯೋಚನೆಯೇ ಹುಚ್ಚಿನ ಲಕ್ಷಣವಾಗಿತ್ತು. ಕೊಳವೆ ನಮ್ಮದು, ಹೊಲಿಗೆ ನಮ್ಮದು. ಕೊಟ್ಟಿಗೆಗೆ ಬಂದು ಬೋಲ್ಟ್ ಮುಟ್ಟಿ ನೋಡಿ ಸಹಿ ಹಾಕುವ ಮನುಷ್ಯ ಮಾತ್ರ ಅವರವನು.

ನಕ್ಷೆಯಿಂದ ಕಟ್ಟುವ ದಾರಿಗೂ ಬೆಂಗಳೂರಿನಲ್ಲಿ ಉದಾಹರಣೆಯಿದೆ, ಅದು ಇನ್ನೂ ರುಚಿಕರ. ಕ್ಯಾಲಿಫೋರ್ನಿಯಾದ ಮೊಹಾವಿ ಮರುಭೂಮಿಯ ಅಂಚಿನಲ್ಲಿ ಬರ್ಟ್ ರುಟಾನ್ ಎಂಬ ಎಂಜಿನಿಯರ್ ಮನೆಯಲ್ಲಿ ಕಟ್ಟುವವರಿಗಾಗಿಯೇ ವಿಮಾನಗಳನ್ನು ವಿನ್ಯಾಸ ಮಾಡುತ್ತಿದ್ದ. ಅವನ ‘ಲಾಂಗ್ ಈಜೀ’ 1979ರಲ್ಲಿ ಹಾರಿತು. ಮರುವರ್ಷದಿಂದ 1985ರವರೆಗೆ ಅದರ ನಕ್ಷೆಗಳು ಮಾರಾಟಕ್ಕಿದ್ದವು. ಪುಟ್ಟ ರೆಕ್ಕೆ ಮುಂದೆ, ದೊಡ್ಡ ರೆಕ್ಕೆ ಮತ್ತು ಎಂಜಿನ್ ಹಿಂದೆ; ಇಂಥ ವಿನ್ಯಾಸಕ್ಕೆ ಕೆನಾರ್ಡ್ ಎನ್ನುತ್ತಾರೆ. ಅಚ್ಚು ಬೇಕಿಲ್ಲ: ಫೋಮ್ ದಿಮ್ಮಿಯನ್ನು ಕಾದ ತಂತಿಯಿಂದ ರೆಕ್ಕೆಯ ಆಕಾರಕ್ಕೆ ಕೊಯ್ದು, ಮೇಲೆ ಗಾಜಿನ ನಾರಿನ ಬಟ್ಟೆ ಹಾಸಿ, ಎಪಾಕ್ಸಿ ಸವರಿದರೆ ಆಯಿತು. ಈ ಹವ್ಯಾಸಿಗಳ ವಿಮಾನವನ್ನು ಬೆಂಗಳೂರಿನ ನ್ಯಾಷನಲ್ ಏರೋನಾಟಿಕಲ್ ಲ್ಯಾಬೊರೇಟರಿ, ಅಂದರೆ ಎನ್‌ಎಎಲ್, ಆರಿಸಿಕೊಂಡಿತು. ಪ್ರೊಫೆಸರ್ ರುಸ್ತುಂ ದಮಾನಿಯಾ ಅವರ ತಂಡ ಅದರ ಆಧಾರದ ಮೇಲೆ ‘ಲೈಟ್ ಕೆನಾರ್ಡ್ ರಿಸರ್ಚ್ ಏರ್‌ಕ್ರಾಫ್ಟ್’ ಕಟ್ಟಿ 1987ರ ಫೆಬ್ರವರಿಯಲ್ಲಿ ಹಾರಿಸಿತು. ಅದೇ ರುಟಾನನ ‘ವಾಯೇಜರ್’ ವಿಮಾನ ಎಲ್ಲೂ ಇಳಿಯದೆ, ಇಂಧನ ತುಂಬಿಸಿಕೊಳ್ಳದೆ ಭೂಮಿ ಸುತ್ತಿ ಬಂದು ಆಗಿನ್ನೂ ಎರಡು ತಿಂಗಳಾಗಿತ್ತು. ಎನ್‌ಎಎಲ್‌ನಿಂದ ಮುಂದೆ ನಾರು ಮತ್ತು ಎಪಾಕ್ಸಿಯದೇ ತರಬೇತಿ ವಿಮಾನ ‘ಹಂಸ’ ಬಂತು. 1993ರಲ್ಲಿ ಮೊದಲು ಹಾರಿ 2000ದಲ್ಲಿ ಪ್ರಮಾಣಪತ್ರ ಪಡೆಯಿತು. ಡಿಆರ್‌ಡಿಒ ಆ ಕೆನಾರ್ಡ್ ವಿಮಾನವನ್ನೇ ಆಧರಿಸಿ ಪೈಲಟ್‌ರಹಿತ ವಿಮಾನ ರೂಪಿಸಿ, ಆ ವೇಳೆಗೆ ತೀರಿಕೊಂಡಿದ್ದ ದಮಾನಿಯಾ ಅವರ ನೆನಪಿಗೆ ‘ರುಸ್ತುಂ’ ಎಂದು ಹೆಸರಿಟ್ಟಿತು. 2010ರಲ್ಲಿ ಅದು ಹೊಸೂರಿನ ಹತ್ತಿರ ಹಾರಿತು. ಗ್ಯಾರೇಜಿನಲ್ಲಿ ಕಟ್ಟುವವರಿಗೆಂದು ಬರೆದ ನಕ್ಷೆ ಸುತ್ತಿ ಬಳಸಿ ದೇಶದ ರಕ್ಷಣೆಯ ಲೆಕ್ಕಕ್ಕೆ ಸೇರಿತು. ನಮ್ಮ ವಿಜ್ಞಾನಿಗಳು ಇದರಲ್ಲಿ ಸಣ್ಣತನ ಕಾಣಲಿಲ್ಲ ಎಂಬುದು ನನಗೆ ಅವರ ಮೇಲಿನ ಗೌರವ ಹೆಚ್ಚಿಸಿದೆ.

ನಕ್ಷೆ ಎಂದರೆ ಏನು ಎಂಬುದಕ್ಕೂ ಬೆಂಗಳೂರಿನದೇ ಇನ್ನೊಂದು ಕಥೆಯಿದೆ. ದಾರಿ ಸ್ವಲ್ಪ ತಪ್ಪಿದರೂ ಹೇಳಲೇಬೇಕು. ಆನೇಕಲ್ಲಿನ ಸುಬ್ಬರಾಯ ಶಾಸ್ತ್ರಿಗಳು ಇಪ್ಪತ್ತನೇ ಶತಮಾನದ ಆರಂಭದಲ್ಲಿ ಹೇಳಿ ಬರೆಸಿದ ‘ವೈಮಾನಿಕ ಶಾಸ್ತ್ರ’ವನ್ನು ಮೈಸೂರಿನ ಜಿ. ಆರ್. ಜೋಸ್ಯರ್ ಬೆಳಕಿಗೆ ತಂದರು. ಅದರಲ್ಲಿ ವಿಮಾನಗಳ ಚಿತ್ರಗಳಿವೆ, ಬೆಂಗಳೂರಿನ ಡ್ರಾಫ್ಟ್ಸ್‌ಮನ್ ಒಬ್ಬರು ಬಿಡಿಸಿದವು, ನೋಡಲು ಬಲು ಭವ್ಯ. 1974ರಲ್ಲಿ ಭಾರತೀಯ ವಿಜ್ಞಾನ ಸಂಸ್ಥೆಯ ಎಚ್. ಎಸ್. ಮುಕುಂದ ಅವರೂ ಸೇರಿದಂತೆ ಐವರು ಅದನ್ನು ಮುಂದಿಟ್ಟುಕೊಂಡು ತೂಕ, ಎತ್ತುವ ಬಲ, ಸ್ಥಿರತೆ ಎಲ್ಲವನ್ನೂ ಲೆಕ್ಕ ಹಾಕಿ, ಇವು ಹಾರುವಂಥವಲ್ಲ ಎಂಬ ತೀರ್ಮಾನಕ್ಕೆ ಬಂದರು. ಅವರ ತೀರ್ಮಾನ ಎಲ್ಲರಿಗೂ ಗೊತ್ತು. ನನಗೆ ಇಷ್ಟವಾಗುವುದು ಅವರ ಸೌಜನ್ಯ. ಪೂಜಿಸಿ ಸುಮ್ಮನಾಗಬಹುದಿತ್ತು, ನಕ್ಕು ಸುಮ್ಮನಾಗಬಹುದಿತ್ತು. ಎರಡನ್ನೂ ಮಾಡದೆ ಪೆನ್ಸಿಲ್ ಹಿಡಿದು ನಕ್ಷೆಯೊಳಗೆ ಹೊಕ್ಕು ನೋಡಿದರು. ವಿಮಾನ ಕಟ್ಟುವ ಯಾವನಿಗಾದರೂ ನೆರೆಹೊರೆಯಲ್ಲಿ ಬೇಕಾದದ್ದು ಇಂಥವರು.

ಈಗ ಮುಖ್ಯ ಆಕ್ಷೇಪಣೆ. ಇದು ಅಪಾಯವಲ್ಲವೇ? ಅಪಾಯ ಹೌದು, ಅದನ್ನು ಮುಚ್ಚಿಟ್ಟು ವಾದಿಸುವುದು ಅಪ್ರಾಮಾಣಿಕ. ಗಾಯಕ ಜಾನ್ ಡೆನ್ವರ್ 1997ರ ಅಕ್ಟೋಬರಿನಲ್ಲಿ ಕ್ಯಾಲಿಫೋರ್ನಿಯಾದ ಮಾಂಟೆರೆ ಕೊಲ್ಲಿಗೆ ಬಿದ್ದು ಸತ್ತದ್ದು ಇದೇ ಲಾಂಗ್ ಈಜೀ ವಿಮಾನದಲ್ಲಿ. ಬೇರೆಯವರು ಕಟ್ಟಿದ್ದನ್ನು ಆತ ಆಗಷ್ಟೇ ಕೊಂಡಿದ್ದ. ಒಂದು ಟ್ಯಾಂಕಿನಿಂದ ಇನ್ನೊಂದಕ್ಕೆ ಇಂಧನ ತಿರುಗಿಸುವ ವಾಲ್ವ್ ರುಟಾನನ ನಕ್ಷೆಯಲ್ಲಿ ಪೈಲಟ್‌ನ ಮುಂದೆ, ಕಾಲುಗಳ ನಡುವೆ ಇದೆ. ಕಟ್ಟಿದವನು ಅದನ್ನು ಎಡ ಭುಜದ ಹಿಂದಕ್ಕೆ ಸರಿಸಿದ್ದ, ಕೂರುವ ಜಾಗದಲ್ಲಿ ಇಂಧನದ ಕೊಳವೆ ಇರಬಾರದೆಂಬ ಎಚ್ಚರಿಕೆಯಿಂದಲೇ. ಅದನ್ನು ತಿರುಗಿಸಬೇಕಾದರೆ ಹಾರುತ್ತಿರುವಾಗ ಹಿಂದಕ್ಕೆ ಹೊರಳಬೇಕಿತ್ತು. ಹೊರಳಿದಾಗ ವಿಮಾನ ಕೈತಪ್ಪಿತು ಎಂಬುದು ತನಿಖೆಯವರ ಅಭಿಪ್ರಾಯ. ಇಲ್ಲಿ ಕಟ್ಟಿದವನ ಕೈಕೆಲಸ ಕೆಟ್ಟದ್ದಾಗಿರಲಿಲ್ಲ, ನಕ್ಷೆಯಲ್ಲೂ ದೋಷವಿರಲಿಲ್ಲ. ಒಂದು ಸದುದ್ದೇಶದ ಬದಲಾವಣೆಯನ್ನು ಕಟ್ಟುವ ಹಂತದಲ್ಲೇ ಕಂಡು, ‘ಇದು ಬೇಡ ಮಾರಾಯ’ ಎನ್ನುವ ಅಧಿಕಾರವುಳ್ಳ ಎರಡನೆಯ ಕಣ್ಣು ಇರಲಿಲ್ಲ. ಅಮೆರಿಕದ ಪದ್ಧತಿಯಲ್ಲಿ ಸರ್ಕಾರದವನು ಬರುವುದು ಎಲ್ಲ ಮುಗಿದ ಮೇಲೆ. ಬದಲಾಯಿಸುವ ಸ್ವಾತಂತ್ರ್ಯ ಕಟ್ಟಿದವನಿಗೇ ಸೇರಿದ್ದು. ಅಲ್ಲಿ ಆ ಕೊರತೆ ತುಂಬುವುದು ಪಾಲ್ ಪೊಬೆರೆಜ್ನಿ 1953ರಲ್ಲಿ ಮಿಲ್ವಾಕಿಯಲ್ಲಿ ಶುರುಮಾಡಿದ ಹವ್ಯಾಸಿಗಳ ಸಂಘ. ಅದರ ಅನುಭವಸ್ಥ ಸದಸ್ಯರು ಕರೆದರೆ ಶೆಡ್ಡಿಗೆ ಬಂದು ನೋಡುತ್ತಾರೆ. ಕರೆಯದಿದ್ದರೆ ಇಲ್ಲ.

ನಕ್ಷೆಯಲ್ಲೇ ದೋಷವಿದ್ದ ಪ್ರಸಂಗವೂ ಇದೆ. ಪ್ಯಾಕಿಂಗ್ ಪೆಟ್ಟಿಗೆ ಹೊಡೆಯಬಲ್ಲವನು ವಿಮಾನವನ್ನೂ ಕಟ್ಟಬಲ್ಲ ಎಂಬ ಧೈರ್ಯ ಕೊಟ್ಟು ಆಂರಿ ಮಿನ್ಯೆ ಎಂಬ ಫ್ರೆಂಚ್ ಹವ್ಯಾಸಿ 1934ರಲ್ಲಿ ಪುಸ್ತಕ ಪ್ರಕಟಿಸಿದ. ಅವನ ವಿಮಾನಕ್ಕೆ ಇಂಗ್ಲಿಷರು ‘ಹಾರುವ ಚಿಗಟ’ ಎಂದರು. ಬ್ರಿಟನ್ನಿನಲ್ಲಿ ಜನ ಮುಗಿಬಿದ್ದು ಕಟ್ಟಿದರು. ಕೆಲವರು ಸತ್ತರು. ಮೂಗು ಒಂದು ಮಿತಿಗಿಂತ ಕೆಳಗಾದರೆ ಮುಂದಿನ ಹಿಂದಿನ ರೆಕ್ಕೆಗಳ ನಡುವಿನ ಗಾಳಿಯ ಹರಿವು ಕೆಟ್ಟು ವಿಮಾನವನ್ನು ಮೇಲೆತ್ತಲು ಆಗುತ್ತಿರಲಿಲ್ಲ. ಪೂರ್ಣ ಗಾತ್ರದ ವಿಮಾನವನ್ನೇ ಗಾಳಿ ಸುರಂಗದಲ್ಲಿಟ್ಟು ಇದನ್ನು ಪತ್ತೆ ಮಾಡಿದರು, ಹಾರಾಟ ನಿಷೇಧವಾಯಿತು. ಇಷ್ಟಾದ ಮೇಲೆ ಬ್ರಿಟನ್ ಈ ಹವ್ಯಾಸವನ್ನೇ ಹೂತುಬಿಡಬಹುದಿತ್ತು. ಬದಲಿಗೆ ಯುದ್ಧ ಮುಗಿದ ಬೆನ್ನಿಗೆ, 1946ರಲ್ಲಿ, ಹವ್ಯಾಸಿಗಳ ಸಂಘವೊಂದು ಹುಟ್ಟಿತು. ಈಗ ಅದರ ಹೆಸರು ‘ಲೈಟ್ ಏರ್‌ಕ್ರಾಫ್ಟ್ ಅಸೋಸಿಯೇಷನ್’. ಅದರ ಇನ್‌ಸ್ಪೆಕ್ಟರುಗಳು ಕೆಲಸದ ಹಂತಹಂತದಲ್ಲಿ ಮನೆಗೇ ಬರುತ್ತಾರೆ. ರೆಕ್ಕೆಯ ಒಳಭಾಗವನ್ನು ತಗಡಿನಿಂದ ಮುಚ್ಚುವ ಮುನ್ನ ನೋಡಿ ಸಹಿ ಹಾಕುತ್ತಾರೆ. ನಕ್ಷೆಯಿಂದ ಸರಿದರೆ ಸಂಘದ ಎಂಜಿನಿಯರುಗಳ ಒಪ್ಪಿಗೆ ಬೇಕು. ಕೇರಳದ ಆಲಪ್ಪುಳ ಮೂಲದ ಮೆಕ್ಯಾನಿಕಲ್ ಎಂಜಿನಿಯರ್ ಒಬ್ಬರು ಕೋವಿಡ್ ಲಾಕ್‌ಡೌನ್ ಕಾಲದಲ್ಲಿ ಇಂಗ್ಲೆಂಡಿನ ಎಸ್ಸೆಕ್ಸ್‌ನಲ್ಲಿ, ಮನೆಯ ಹಿತ್ತಲಲ್ಲಿ, ದಕ್ಷಿಣ ಆಫ್ರಿಕಾದ ಕಿಟ್ ತರಿಸಿ ನಾಲ್ಕು ಸೀಟಿನ ವಿಮಾನ ಕಟ್ಟಿದರು. 2022ರಲ್ಲಿ ಅದು ಹಾರಿತು, ಸಂಸಾರ ಸಮೇತ ಯುರೋಪ್ ಸುತ್ತಿ ಬಂದರು.

ಅದರ ಪಕ್ಕದಲ್ಲಿ ಮುಂಬೈಯ ಅಮೋಲ್ ಯಾದವ್ ಅವರನ್ನು ಇಟ್ಟು ನೋಡಬೇಕು. ವೃತ್ತಿಯಿಂದ ವಿಮಾನ ಚಾಲಕ. ಕಾಂದಿವಲಿಯ ತಮ್ಮ ಕಟ್ಟಡದ ತಾರಸಿಯ ಮೇಲೆ ಆರು ಸೀಟಿನ ವಿಮಾನವನ್ನು ತಾವೇ ವಿನ್ಯಾಸ ಮಾಡಿ ಕಟ್ಟಿ, ಕ್ರೇನ್ ಹಚ್ಚಿ ಕೆಳಗಿಳಿಸಿ, 2016ರ ‘ಮೇಕ್ ಇನ್ ಇಂಡಿಯಾ’ ಸಪ್ತಾಹದಲ್ಲಿ ಪ್ರದರ್ಶನಕ್ಕಿಟ್ಟರು. ಆ ಹೊತ್ತಿಗೆ ವಿಮಾನಯಾನ ನಿರ್ದೇಶನಾಲಯದ ಬಾಗಿಲು ಬಡಿದು ವರ್ಷಗಳೇ ಆಗಿದ್ದವು. ನೋಂದಣಿ ಸಿಕ್ಕಿದ್ದು 2017ರಲ್ಲಿ, ಹಾರುವ ಪರವಾನಗಿ 2019ರಲ್ಲಿ. ಸುದ್ದಿಪತ್ರಿಕೆಗಳು ಇದನ್ನು ಕೆಂಪುಪಟ್ಟಿಯ ಕಥೆಯಾಗಿ ಬರೆದವು, ಅದು ಸುಳ್ಳೂ ಅಲ್ಲ. ಆದರೆ ಅಧಿಕಾರಿಯ ಕುರ್ಚಿಯಲ್ಲಿ ಕೂತು ಯೋಚಿಸಿದರೆ ಇನ್ನೊಂದು ಮುಖ ಕಾಣುತ್ತದೆ. ಪೂರ್ತಿ ಮುಚ್ಚಿದ ರೆಕ್ಕೆಯೊಂದು ಮುಂದೆ ಬಂದು ನಿಂತಿದೆ. ಒಳಗಿನ ರಿವೆಟ್‌ಗಳನ್ನು ಯಾರೂ ನೋಡಿಲ್ಲ. ಸಹಿ ಹಾಕಿ ಎನ್ನುತ್ತಾರೆ. ಯಾವ ಅಧಿಕಾರಿ ಹಾಕಿಯಾನು? ಮಳೆಗಾಲದಲ್ಲಿ ಹೊಸ ಸೇತುವೆಯ ಕಂಬದ ಮೇಲ್ಭಾಗ ಮಾತ್ರ ಕಾಣುವಾಗ ಬುಡ ಗಟ್ಟಿಯಿದೆಯೆಂದು ಬರೆದುಕೊಡಿ ಎಂದಂತೆ. ನಮ್ಮ ನಿಯಮಗಳಲ್ಲಿ ಹವ್ಯಾಸಿ ವಿಮಾನಕ್ಕೆ ಜಾಗ ಇಲ್ಲವೇ ಇಲ್ಲ ಎನ್ನಲಾಗದು. ಇಲ್ಲದಿರುವುದು ಮೊದಲ ರಿವೆಟ್‌ನ ದಿನದಿಂದಲೇ ಮೆಟ್ಟಿಲು ಹತ್ತಿ ತಾರಸಿಗೆ ಬರಬಹುದಾಗಿದ್ದ, ಸಂಬಳಕ್ಕಲ್ಲದೆ ಆಸಕ್ತಿಗಾಗಿ ಬರುವ, ಆದರೆ ಸಹಿಗೆ ಬೆಲೆಯುಳ್ಳ ಒಬ್ಬ ಮನುಷ್ಯ. ಹಾಗೆ ನೋಡಿದರೆ ಕರ್ನಾಟಕದಲ್ಲಿ ಇಂಥವರಿಗೆ ಬರವಿರಬಾರದು. ಎಚ್‌ಎಎಲ್, ಎನ್‌ಎಎಲ್‌ಗಳಿಂದ ವರ್ಷವರ್ಷ ನಿವೃತ್ತರಾಗುವವರಲ್ಲಿ ಮೈಸೂರು, ಮಡಿಕೇರಿ ಕಡೆ ಬಂದು ನೆಲೆಸಿದವರು ಇದ್ದೇ ಇರುತ್ತಾರೆ. ಬೆಳಗಿನ ವಾಕಿಂಗ್ ಮುಗಿದ ಮೇಲೆ ಅವರಿಗೆ ಮಾಡಲು ಏನಾದರೂ ಬೇಕಲ್ಲ.

ಒಂದು ಮಾತು ಒಪ್ಪಬೇಕು. ಕಿಟ್ ಮಾರುವ ಕಂಪನಿಯೇ ತಪ್ಪಿದರೆ ಯಾರು ಬಂದು ನೋಡಿ ಏನು ಪ್ರಯೋಜನ ಎಂದು ಕೇಳಬಹುದು. ಅಮೆರಿಕದ ವ್ಯಾನ್ಸ್ ಕಂಪನಿಯ ‘ಆರ್‌ವಿ’ ಮಾಲಿಕೆಯ ಹತ್ತು ಸಾವಿರಕ್ಕೂ ಹೆಚ್ಚು ವಿಮಾನಗಳು ಹವ್ಯಾಸಿಗಳ ಕೈಯಲ್ಲಿ ಪೂರ್ತಿಗೊಂಡು ಹಾರಿವೆ. ಅಷ್ಟು ಹೆಸರಿನ ಕಂಪನಿ ಭಾಗಗಳ ತೂತುಗಳನ್ನು ಲೇಸರ್‌ನಿಂದ ಕೊರೆಯಲು ಹೋಗಿ ತೊಂದರೆಗೆ ಸಿಕ್ಕಿತು. ರಿವೆಟ್ ತಲೆ ಕೂರಲು ತೂತಿನಂಚನ್ನು ಒತ್ತುವಾಗ ಬಿರುಕು ಬಿಡುತ್ತಿತ್ತು. 2023ರ ಡಿಸೆಂಬರಿನಲ್ಲಿ ಕಂಪನಿ ದಿವಾಳಿ ರಕ್ಷಣೆಗೆ ಅರ್ಜಿ ಹಾಕುವ ಸ್ಥಿತಿಗೆ ಬಂತು, ಅದಕ್ಕೆ ಬೇರೆ ಕಾರಣಗಳೂ ಕೂಡಿದ್ದವು. ಈ ಬಿರುಕುಗಳನ್ನು ಕಂಡು ಕೂಗೆಬ್ಬಿಸಿದವರಲ್ಲಿ ಶೆಡ್ಡುಗಳಲ್ಲಿ ಕೂತ ಗಿರಾಕಿಗಳೇ ಮುಂದು. ಪ್ರತಿ ತೂತನ್ನೂ ಬೆರಳಾಡಿಸಿ ನೋಡುವ ವ್ಯವಧಾನ ಇರುವುದು ಅವರಿಗೇ. ರುಟಾನ್ ಕೂಡ ನಕ್ಷೆ ಮಾರಿ ಕೈತೊಳೆದುಕೊಳ್ಳಲಿಲ್ಲ. ‘ಕೆನಾರ್ಡ್ ಪುಷರ್’ ಎಂಬ ಪುಟ್ಟ ಪತ್ರಿಕೆಯಲ್ಲಿ, ಕಟ್ಟುತ್ತಿರುವವರು ಕಂಡ ತಪ್ಪುಗಳನ್ನೂ ಮಾಡಲೇಬೇಕಾದ ತಿದ್ದುಪಡಿಗಳನ್ನೂ ಎಲ್ಲರಿಗೂ ತಿಳಿಸುತ್ತಿದ್ದ.

ಇನ್ನು ಶ್ರೀಮಂತರ ಆಟ ಎಂಬ ಆಕ್ಷೇಪಣೆ. ಎಸ್ಸೆಕ್ಸ್‌ನ ಆ ವಿಮಾನಕ್ಕೆ ಸುಮಾರು ಒಂದು ಲಕ್ಷ ನಲವತ್ತು ಸಾವಿರ ಪೌಂಡ್ ಆಯಿತೆಂದು ವರದಿಯಾಗಿತ್ತು. ರೂಪಾಯಿಗೆ ತಿರುಗಿಸಿದರೆ ಶ್ರೀಮಂಗಲದಲ್ಲಿ ಮಾತು ಅಲ್ಲಿಗೇ ನಿಲ್ಲುತ್ತದೆ. ಆದರೆ ಎಲ್ಲ ವಿಮಾನಗಳೂ ಆ ಜಾತಿಯವಲ್ಲ. ಇಡುಕ್ಕಿಯ ಸಜಿ ಥಾಮಸ್ ಕಿವಿ ಕೇಳದ, ಮಾತು ಬಾರದ, ಹೆಚ್ಚು ಓದದ ಮನುಷ್ಯ. ರಬ್ಬರ್ ತೋಟಕ್ಕೆ ಔಷಧ ಹೊಡೆಯಲು ಬರುತ್ತಿದ್ದ ಹೆಲಿಕಾಪ್ಟರುಗಳನ್ನು ಹುಡುಗನಾಗಿದ್ದಾಗ ನೋಡಿ ಹಿಡಿದ ಹುಚ್ಚು ಅವರದು. ರಿಪೇರಿ ಕೆಲಸ ಮಾಡಿ ಕೂಡಿಸಿದ ದುಡ್ಡಿನಲ್ಲಿ, ಹಳೆಯ ಸಾಮಾನು ಸೇರಿಸಿ ಎರಡು ಸೀಟಿನ ಹಗುರ ವಿಮಾನ ಕಟ್ಟಿದರು. 2014ರಲ್ಲಿ ಅದು ತಮಿಳುನಾಡಿನಲ್ಲಿ ಹಾರಿತು. ಅಲ್ಲಿ ನಿವೃತ್ತ ವಾಯುಪಡೆಯ ಅಧಿಕಾರಿಯೊಬ್ಬರು ನೋಡಿ, ನೆಚ್ಚಿ, ಹಾರಿಸಿದ್ದೇ ನಿರ್ಣಾಯಕವಾದದ್ದು. ತೋಟದ ಸೀಮೆ, ಕೈಯಲ್ಲಿ ಸ್ಪ್ಯಾನರ್, ಬಂದು ನೋಡಿದ ಒಬ್ಬ ಮನುಷ್ಯ: ವಾದಕ್ಕೆ ಇದಕ್ಕಿಂತ ಹತ್ತಿರದ ಸಾಕ್ಷಿ ಸಿಗುವುದು ಕಷ್ಟ. ಹಾಗೆಂದು ಬಡತನವನ್ನು ಗುಣವಾಗಿ ಹೊಗಳಲಾರೆ. ವಿಮಾನದ ಬೋಲ್ಟ್ ವಿಮಾನದ್ದೇ ಆಗಿರಬೇಕು, ಅದಕ್ಕೆ ಹಾರ್ಡ್‌ವೇರ್ ಅಂಗಡಿಯ ಬದಲಿ ಇಲ್ಲ. ನಾಲ್ಕು ಜನ ಸೇರಿ ಒಂದು ವಿಮಾನ ಕಟ್ಟುವುದು ಹೊರಗೆ ಮಾಮೂಲು. ಕೊಡಗಿನಲ್ಲಿ ಒಂದು ಒಕ್ಕದವರು, ಅಂದರೆ ಒಂದು ಮನೆತನದವರು, ಸೇರಿ ಹಾಕಿ ಟೂರ್ನಮೆಂಟೇ ನಡೆಸುತ್ತಾರೆ, ವಿಮಾನ ಅದಕ್ಕಿಂತ ದೊಡ್ಡ ರಂಪವಾಗಲಾರದು.

ಕೊಡಗಿಗೆ ಹಾರುವವರ ಬಗ್ಗೆ ಗೌರವ ಕಡಿಮೆಯಿಲ್ಲ. 1965ರ ಯುದ್ಧದಲ್ಲಿ ಮಿಸ್ಟೇರ್ ವಿಮಾನದಿಂದ ತನಗಿಂತ ಎಷ್ಟೋ ವೇಗದ ಸ್ಟಾರ್‌ಫೈಟರ್ ಜೊತೆ ಸೆಣಸಿ ಮಡಿದ ಅಜ್ಜಮಾಡ ಬಿ. ದೇವಯ್ಯ ಅವರ ಹೆಸರಿನ ವೃತ್ತ ಮಡಿಕೇರಿಯಲ್ಲಿದೆ. ಆ ಹೋರಾಟದ ಸತ್ಯ ಹೊರಬಂದು ಮಹಾವೀರ ಚಕ್ರ ಸಿಗಲು 1988 ಆಯಿತು. ಅಂದರೆ ಅಲ್ಲೂ ಯಾರೋ ಹಳೆಯ ಕಾಗದಗಳೊಳಗೆ ಹೊಕ್ಕು ನೋಡಬೇಕಾಯಿತು. ಹಾರುವವನಿಗಿರುವ ಈ ಮರ್ಯಾದೆಯಲ್ಲಿ ಒಂದು ಪಾಲು ಕಟ್ಟುವವನಿಗೂ ಸಂದರೆ ಯಾರಿಗೂ ನಷ್ಟವಿಲ್ಲ. ಹಾರಿಸುವುದೆಲ್ಲಿ ಎಂಬುದು ಮಾತ್ರ ನಿಜವಾದ ತೊಡಕು. ಜಿಲ್ಲೆಯಲ್ಲಿ ವಿಮಾನ ನಿಲ್ದಾಣವಿಲ್ಲ. ಪೊನ್ನಂಪೇಟೆ ಕಡೆ ಪ್ರವಾಸಿಗರನ್ನು ಮೈಕ್ರೊಲೈಟ್‌ನಲ್ಲಿ ಕೂರಿಸಿ ತೋಟಗಳ ಮೇಲೆ ಸುತ್ತಿಸಿದ್ದುಂಟು, ಆದರೆ ಶ್ರೀಮಂಗಲದ ಗದ್ದೆ ಬಯಲುಗಳಿಗೆ ಬ್ರಹ್ಮಗಿರಿಯ ಗಾಳಿ ಹೇಳದೆ ಕೇಳದೆ ಇಳಿದು ಬರುತ್ತದೆ, ಎಂಜಿನ್ ನಿಂತರೆ ಕೆಳಗೆ ಸಿಲ್ವರ್ ಓಕ್ ಮರಗಳ ಮೊನೆ. 2018ರ ಡಿಸೆಂಬರಿನಲ್ಲಿ ಕಣ್ಣೂರು ವಿಮಾನ ನಿಲ್ದಾಣ ತೆರೆದ ಮೇಲೆ ಆ ಕಡೆಯ ಆಕಾಶವೂ ಬಿಡುವಾಗಿಲ್ಲ. ಹೊಸ ವಿಮಾನದ ಮೊದಲ ಹಾರಾಟಕ್ಕೆ ಇದು ತಕ್ಕ ಜಾಗವಲ್ಲ ಎಂದು ಒಪ್ಪಿಕೊಂಡೇ ಮುಂದುವರಿಯಬೇಕು. ಕಟ್ಟುವುದು ಇಲ್ಲಿ, ರೆಕ್ಕೆ ಬಿಚ್ಚಿ ಲಾರಿಗೆ ಹೇರಿಕೊಂಡು ಸರಿಯಾದ ರನ್‌ವೇ ಇರುವ ಕಡೆಗೆ ಒಯ್ಯುವುದು ಆಮೇಲೆ. ಗೋಣಿಕೊಪ್ಪದ ಚೆಕ್‌ಪೋಸ್ಟಿನಲ್ಲಿ ಲಾರಿಯವನು ಏನು ಲೋಡು ಎಂದು ಹೇಳುತ್ತಾನೋ ನೋಡಬೇಕು.

ಮಳೆಯೂ ಒಂದು ಪ್ರಶ್ನೆಯೇ. ಎಪಾಕ್ಸಿ ಸರಿಯಾಗಿ ಗಟ್ಟಿಯಾಗಲು ಇಪ್ಪತ್ತೈದು ಡಿಗ್ರಿ ಆಸುಪಾಸಿನ ಬಿಸುಪೂ ಒಣಗಾಳಿಯೂ ಬೇಕು. ಕಕ್ಕಡದ ಶ್ರೀಮಂಗಲದಲ್ಲಿ ಎರಡೂ ಇಲ್ಲ. ಬೀರುವಿನೊಳಗಿನ ಬೆಲ್ಟಿಗೇ ಬೂಸಲು ಹಿಡಿಯುವ ತಿಂಗಳು ಅದು. ಆದ್ದರಿಂದ ರುಟಾನನ ದಾರಿ ಇಲ್ಲಿಗೆ ಬೇಸಿಗೆಯದು. ಮಳೆಗಾಲಕ್ಕೆ ತಗಡು, ರಿವೆಟ್ಟೇ ಸರಿ. ತಗಡಿಗೆ ಪ್ರೈಮರ್ ಹೊಡೆಯುವುದೊಂದನ್ನು ಬಿಸಿಲು ಕಂಡ ದಿನಕ್ಕೆ ಇಟ್ಟುಕೊಂಡರಾಯಿತು. ಕಿಟ್ ಕಂಪನಿಗಳು ಇಡೀ ವಿಮಾನವನ್ನು ಒಮ್ಮೆಗೇ ಕೊಳ್ಳಿ ಎಂದು ಒತ್ತಾಯಿಸುವುದಿಲ್ಲ, ಕಂತುಕಂತಾಗಿ ಕೊಡುತ್ತವೆ. ಹೆಚ್ಚಿನವರು ಶುರುಮಾಡುವುದು ಬಾಲದಿಂದ, ಅದೇ ಎಲ್ಲಕ್ಕಿಂತ ಚಿಕ್ಕದು, ಅಗ್ಗದ್ದು, ಮತ್ತು ವಿಮಾನದ ಉಳಿದ ಭಾಗಕ್ಕೆ ಬೇಕಾದ ಬಹುತೇಕ ಕೈಕೆಲಸವನ್ನು ಕಲಿಸುತ್ತದೆ. ಬಾಲ ಮುಗಿಸಿ ಅಲ್ಲಿಗೇ ನಿಲ್ಲಿಸಿದವರು ಲೋಕದಲ್ಲಿ ಬೇಕಾದಷ್ಟಿದ್ದಾರೆ, ಹಾಗೆ ನಿಂತ ಬಾಲಗಳು ಕೈಯಿಂದ ಕೈಗೆ ಮಾರಾಟವಾಗುತ್ತಲೂ ಇರುತ್ತವೆ. ಜೂನ್‌ನಲ್ಲಿ ಪೆಟ್ಟಿಗೆ ಒಡೆದರೆ, ತಗಡು ಮುಚ್ಚುವ ಮುನ್ನ ಮೈಸೂರಿನಿಂದ ನಿವೃತ್ತರೊಬ್ಬರನ್ನು ಕರೆಸಿ ತೋರಿಸಿಕೊಂಡೇ ಕೆಲಸ ಸಾಗಿಸಿದರೆ, ಹುತ್ತರಿ ಹಬ್ಬದ ಹೊತ್ತಿಗೆ ಬಾಲ ನಿಂತಿರುತ್ತದೆ. ಅಷ್ಟರಲ್ಲಿ ಕಾಫಿ ಹಣ್ಣಾಗಿ ಗೋಡೌನು ಖಾಲಿ ಮಾಡಬೇಕಾಗುತ್ತದೆ. ರೆಕ್ಕೆಯ ಪೆಟ್ಟಿಗೆ ತರಿಸಬೇಕೋ ಬೇಡವೋ ಎಂದು ತೀರ್ಮಾನಿಸಲು ಕೊಯ್ಲು ಮುಗಿಯುವವರೆಗೆ ಹೇಗೂ ಸಮಯವಿದೆ.